ಬಿದ್ದೆ, ಬಿದ್ವಿ

ಅರವತ್ತರ ದಶಕದಲ್ಲಿ ಅಪ್ಪ ಹೆಬ್ಬಾಳದಾಚೆಯ ಬಯಲಿನಲ್ಲಿ ಸ್ಪರ್ಧೆಯ ಕುದುರೆಗಳಿಗೆ ದಿಮ್ಮಿ, ಕಂದಕ ಹಾರುವುದನ್ನು ಕಲಿಸುತ್ತಿದ್ದರು. ಸಂಜೆ ಮೈಯೆಲ್ಲ ಕೆಮ್ಮಣ್ಣು ಮಾಡಿಕೊಂಡು ಬಂದು "ಬಿದ್ದೆ ಕಣೇ" ಎಂದರೆ, ಅಮ್ಮ ತಲೆಯೆತ್ತದೆ ರೊಟ್ಟಿ ತಟ್ಟುತ್ತಿದ್ದಳು. "ಬಿದ್ವಿ ಕಣೇ" ಎಂದರೆ ಮಾತ್ರ ಅವಳ ಕೈ ನಿಲ್ಲುತ್ತಿತ್ತು. ದಿಮ್ಮಿಗೆ ಕಾಲು ತಗುಲಿ ಕುದುರೆಯೂ ಮಗುಚಿದರೆ ಅದರ ಭಾರವೆಲ್ಲ ಸವಾರನ ಮೇಲೆಯೇ. ಹಾಗೆ ಬಿದ್ದ ಅಪ್ಪನ ಜೊತೆಗಾರರೊಬ್ಬರು ಮತ್ತೆ ಏಳಲೇ ಇಲ್ಲ. "ಆ ಕುದುರೆ ಸಹವಾಸ ಸಾಕು ಬಿಡ್ರೀ" ಎಂದು ಬೈಯುತ್ತಲೇ ಅಮ್ಮ ಎಣ್ಣೆ ಬಿಸಿ ಮಾಡುತ್ತಿದ್ದಳು.

ಅಪ್ಪ ಕುದುರೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಗಂಗಾನಗರದ ಮನೆಯ ಬಚ್ಚಲಲ್ಲಿ ಜಾರಿ ದೊಪ್ಪನೆ ಬಿದ್ದರು. ಅಡುಗೆಮನೆಯಿಂದ ಅಮ್ಮ ಕೂಗಿದಳು: "ಒಬ್ರೇ ತಾನೇ?"

ನಾವು ಮಕ್ಕಳೆಲ್ಲ ನಕ್ಕೆವು.

"ಹೂಂ ಕಣೇ, ಒಬ್ಬನೇ" ಎಂದರು ಅಪ್ಪ, ಬಚ್ಚಲಿನಿಂದಲೇ.