ಪ್ರಳಯದ ಚಿತ್ರಪುಸ್ತಕ, ಗೋಡೆಯ ಮೇಲಿನ ಸೌತೆಬೀಜ

ಮೊಮ್ಮಗಳು ಹೈಸ್ಕೂಲಿನಲ್ಲಿದ್ದಾಗ ಹಳೇ ಪುಸ್ತಕದ ಅಂಗಡಿಯಿಂದ ಒಂದು ದಪ್ಪ ಚಿತ್ರಕಥೆ ತಂದಳು. ಇಂಗ್ಲಿಷಿನದು. ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷವಾಗಿತ್ತು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕನ್ನಡವನ್ನೇ ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಆದರೆ ಆ ಪುಸ್ತಕದ ಚಿತ್ರ ನೋಡಿದರೆ ಸಾಕಾಗಿತ್ತು. ಮಳೆ ನಿಂತುಹೋಗಿದೆ, ಹೊಳೆಗಳು ಬಿರುಕು ಬಿಟ್ಟಿವೆ, ಊರೂರೇ ಪಾಳು ಬಿದ್ದಿದೆ. ಉಳಿದ ನಾಲ್ಕು ಜನ ಮುಖಕ್ಕೆ ಮುಸುಕು ಕಟ್ಟಿಕೊಂಡು, ಬಂದೂಕು ಹಿಡಿದು, ಮುರಿದ ಅಂಗಡಿಗಳಲ್ಲಿ ಡಬ್ಬಿಯಲ್ಲಿ ತುಂಬಿಟ್ಟ ತಿನಿಸು ಹುಡುಕುತ್ತ ನಡೆಯುತ್ತಾರೆ. ಇಷ್ಟೇ ಕಥೆ.

ಅವಳು ಜಗುಲಿಯ ಮೇಲೆ ಪುಟ ತಿರುಗಿಸುತ್ತಿದ್ದಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ.

“ಡಬ್ಬಿ ಮುಗಿದ್ಮೇಲೆ ಏನ್ ತಿಂತಾರೆ?” ಅಂದೆ.

“ಇನ್ನೊಂದು ಅಂಗಡಿ ಹುಡುಕ್ತಾರೆ ಕಣಜ್ಜಿ.”

“ಅಲ್ಲೂ ಮುಗಿದ್ರೆ?”

“ಸಾಯ್ತಾರೆ. ಪ್ರಪಂಚದ ಕೊನೆ ಅಂದ್ರೆ ಅದೇ ತಾನೆ?”

“ಇಷ್ಟು ದಪ್ಪ ಪುಸ್ತಕದಲ್ಲಿ ಒಬ್ಬನಾದ್ರೂ ಬಗ್ಗಿ ಒಂದು ಬೀಜ ಊರಿದ್ದಾನಾ? ತೋರ್ಸು.”

ಅವಳು ಮೊದಲಿನಿಂದ ಕೊನೆಯವರೆಗೆ ಹುಡುಕಿದಳು. ಇರಲಿಲ್ಲ.

“ಹಂಗಾದ್ರೆ ಸಾಯ್ಲಿ ಬುಡು, ಸೋಂಬೇರಿಗಳು.”

ಅವಳಿಗೆ ರೇಗಿತು. “ನಿಂಗೆ ಅರ್ಥ ಆಗಲ್ಲ ಅಜ್ಜಿ. ಇಲ್ಲೂ ಹಿಂಗೇ ಆಗೋದು. ಕೆರೆಗಳೆಲ್ಲ ಹೋದ್ವು. ಯಾರು ಏನ್ ಮಾಡಿದ್ರೂ ಅಷ್ಟೇ.”

ಹದಿನಾಲ್ಕು ವರ್ಷದ ಹುಡುಗಿ ಹೆಣದ ಮುಂದೆ ಕೂತವಳ ಹಾಗೆ ಮಾತಾಡಿದರೆ ಎರಡು ಬಿಗಿಯಬೇಕು ಅನ್ನಿಸುತ್ತದೆ. ಬಿಗಿಯಲಿಲ್ಲ. ಕೈಗೆ ಅವರೆಕಾಯಿ ಮೊರ ಕೊಟ್ಟೆ.

ನನಗೆ ಅರ್ಥವಾಗದೆ ಏನು? ನನ್ನೂರು ಇಲವಾಲದ ಹತ್ತಿರ. ಗಂಡ ತೀರಿಕೊಂಡ ಮೇಲೆ, ತೊಂಬತ್ತರ ದಶಕದಲ್ಲಿ, ಪಟ್ಟಣಕ್ಕೆ, ವಿದ್ಯಾರಣ್ಯಪುರಂನ ಮಗಳ ಮನೆಗೆ ಬಂದೆ. ಬರುವಾಗ ಸೀರೆಗಳ ನಡುವೆ ಎರಡು ಸಗಣಿ ತಟ್ಟು ಸುತ್ತಿಕೊಂಡು ಬಂದಿದ್ದೆ. ಒಳಗಿದ್ದದ್ದು ನಮ್ಮ ಹೊಲದ ಸೌತೆಬೀಜ. ಬಳ್ಳಿಯಲ್ಲೇ ಹಳದಿಯಾಗಿ ಹಣ್ಣಾದ ಸೌತೆಯ ಬೀಜವನ್ನು ಹಸಿ ಸಗಣಿಯಲ್ಲಿ ಕಲೆಸಿ ಗೋಡೆಗೆ ತಟ್ಟಿಬಿಟ್ಟರೆ ಹುಳ ಮುಟ್ಟುವುದಿಲ್ಲ, ಮುಂದಿನ ಮಳೆಯವರೆಗೆ ಕೆಡುವುದಿಲ್ಲ. ನಮ್ಮಮ್ಮ ಹಾಗೇ ಮಾಡುತ್ತಿದ್ದಳು. ಮಗಳ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಬಚ್ಚಲ ನೀರು ತಿರುಗಿಸಿ ವರ್ಷವರ್ಷವೂ ಬೆಳೆದೆ. ಅಷ್ಟರಲ್ಲಿ ಊರಿನ ಹೊಲ ಬಡಾವಣೆಯಾಯಿತು, ಕಲ್ಲು ನೆಟ್ಟರು. ಅಲ್ಲಿ ಉಳಿದವರು ಪ್ಯಾಕೆಟ್ ಬೀಜ ತರುತ್ತಾರೆ. ಅದರ ಕಾಯಿಯ ಬೀಜ ಮತ್ತೆ ಹಾಕಿದರೆ ಒಂದು ಕಾಯಿ ಇದ್ದ ಹಾಗೆ ಇನ್ನೊಂದಿರುವುದಿಲ್ಲ. ನಮ್ಮ ಸೌತೆ ಉಳಿದಿದ್ದು ಮಗಳ ಮನೆಯ ಹಿಂದಿನ ಗೋಡೆಯ ಮೇಲೆ ಮಾತ್ರ.

ಆ ವರ್ಷ ಯುಗಾದಿಗೆ ಮುಂಚೆ ಸಿದ್ಧಾರ್ಥನಗರದ ತಂಗಿ ಮನೆಗೆ ಎರಡು ದಿನ ಹೋಗಿದ್ದೆ. ವಾಪಸ್ ಬಂದರೆ ಹಿಂದಿನ ಗೋಡೆ ಬೆಳ್ಳಗೆ ಹೊಳೆಯುತ್ತಿದೆ.

“ಗೋಡೆ ಮೇಲಿದ್ದ ತಟ್ಟು ಎಲ್ಲೇ?”

ಮಗಳ ಮುಖ ಸಣ್ಣದಾಯಿತು. “ಸುಣ್ಣದೋನು ಬೆರಣಿ ಅಂದ್ಕೊಂಡು ಕೆರೆದ್ಬುಟ್ಟ ಕಣಮ್ಮ. ನಾನು ನೋಡೋ ಹೊತ್ಗೆ ಕಸದ ಟ್ರ್ಯಾಕ್ಟರ್ ಹೊರಟೋಗಿತ್ತು.”

“ಯಾವಾಗ?”

“ಇವತ್ತು ಬೆಳಗ್ಗೆ. ಹೋಗ್ಲಿ ಬುಡಮ್ಮ, ಒಂದು ಸೌತೆಕಾಯಿಗೆ ಇಷ್ಟು ರಂಪನಾ? ಪ್ಯಾಕೆಟ್ ತಂದ್ಕೊಡ್ತೀನಿ.”

“ಪ್ಯಾಕೆಟ್ ನೀನೇ ಇಟ್ಕೊ” ಅಂದು ಚಪ್ಪಲಿ ಮೆಟ್ಟಿದೆ. ಪಟ್ಟಣದ ಕಸವೆಲ್ಲ ಬಂದು ಬೀಳುವ ಗುಡ್ಡೆ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಮೊಮ್ಮಗಳನ್ನೂ ಎಳೆದುಕೊಂಡೆ. ಕಸದಲ್ಲಿ ಹುಡುಕುವಷ್ಟು ನನ್ನ ಕಣ್ಣು ಚುರುಕಿರಲಿಲ್ಲ.

ಗುಡ್ಡೆಯ ಒಂದು ಮಗ್ಗುಲು ಹೊಗೆಯಾಡುತ್ತಿತ್ತು. ಬೇಸಿಗೆಯಲ್ಲಿ ಅದು ತಾನಾಗಿ ಹೊತ್ತಿಕೊಂಡು ದಿನಗಟ್ಟಲೆ ಒಳಗೊಳಗೇ ಉರಿಯುತ್ತದೆ. ಬೆಂಕಿ ಹೊಸ ಕಸದ ಕಡೆಗೇ ತೆವಳುತ್ತಿತ್ತು. ಮೊಮ್ಮಗಳು ದುಪಟ್ಟಾದಿಂದ ಮೂಗು ಕಟ್ಟಿಕೊಂಡು ನಿಂತುಬಿಟ್ಟಳು.

“ಅಜ್ಜಿ, ಇದು ಪುಸ್ತಕದಲ್ಲಿರೋ ಥರಾನೇ ಇದೆ.”

“ಪುಸ್ತಕದಲ್ಲಿ ಯಾರೂ ಬಗ್ಗಿರ್ಲಿಲ್ಲ. ನೀನು ಬಗ್ಗು.”

ಬಗ್ಗಿದಳು. ಇಬ್ಬರೂ ಕೋಲಿನಿಂದ ಕೆದಕುತ್ತ ಹೋದೆವು. ಪ್ಲಾಸ್ಟಿಕ್ಕು, ಎಳನೀರು ಬುರುಡೆ, ಕೊಳೆತ ಹೂವು, ಸುಣ್ಣದ ಚೂರು ಎಲ್ಲವೂ ಸಿಕ್ಕಿತು. ತಟ್ಟು ಮಾತ್ರ ಇಲ್ಲ. ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು.

ಆಚೆಗೆ ಕಸ ಆಯುವ ಹೆಂಗಸೊಬ್ಬಳು ಚೀಲಕ್ಕೆ ಬಾಟಲಿ ತುಂಬುತ್ತಿದ್ದಳು. ನಮ್ಮನ್ನು ನೋಡಿ ಸೊಂಟಕ್ಕೆ ಕೈಯಿಟ್ಟಳು. “ಏನವ್ವಾ, ಚಿನ್ನ ಕಳ್ಕಂಡ್ಯಾ?”

“ಸಗಣಿ ಕಣಮ್ಮ.”

ಅವಳು ಬಿದ್ದೂ ಬಿದ್ದೂ ನಕ್ಕಳು. “ಇಷ್ಟು ವರ್ಸ ಆಯ್ತು ಇಲ್ಲಿ, ಸಗಣಿ ಉಡುಕ್ಕಂಡ್ ಬಂದೋಳು ನೀನೊಬ್ಳೇ! ನಾಲ್ಕು ಬೆರಣಿ ನಾನೇ ಎತ್ತಿಟ್ಟಿವ್ನಿ, ಒಲೆಗೆ.”

“ಎಲ್ಲಿ? ತೋರ್ಸು.”

“ಇನ್ನೆರಡು ಉರುದೋಯ್ತು. ಅದ್ರಲ್ಲೇ ಟೀ ಕಾಸ್ದೆ.”

ಗುಡಿಸಲ ಮುಂದೆ ನಾಲ್ಕು ತಟ್ಟು ಒರಗಿಸಿದ್ದಳು. ಮೇಲೆ ನನ್ನ ಐದು ಬೆರಳಿನ ಗುರುತು. ಒಂದರ ಅಂಚು ಮುರಿದು ತೋರಿಸಿದೆ. ಬೀಜ ನೋಡಿ ಅವಳ ನಗು ನಿಂತಿತು.

“ಅಯ್ಯೋ, ಸೌತೆ! ನಮ್ಮವ್ವನೂ ಇಂಗೇ ತಟ್ತಿದ್ಲು.” ಆಮೇಲೆ ಗಟ್ಟಿಯಾದಳು. “ಸರಿ, ತಕ್ಕೊಂಡೋಗು. ಒಲೆಗೆ ನಾನೇನು ಕೈ ಇಕ್ಲಾ?”

“ಮನೇಲಿ ತೆಂಗಿನ ಗರಿ ಒಣಗಿ ಬಿದ್ದಿದೆ, ಹೊರೆ ಹಾಕ್ತೀನಿ.”

“ಮೂರು ತಕ್ಕೊ. ಒಂದು ನಂಗಿರ್ಲಿ, ನಾನೂ ಊರ್ತೀನಿ.”

“ಈ ಹೊಗೇಲಿ ಬರುತ್ತಾ?” ಅಂದಳು ಮೊಮ್ಮಗಳು.

“ನಾನು ಬದುಕಿಲ್ವಾ ಈ ಹೊಗೇಲಿ?” ಅಂದಳು ಆ ಹೆಂಗಸು. ನಾನು ನಾಲ್ಕನೆಯದನ್ನು ಅವಳ ಕೈಗಿಟ್ಟೆ. ಬೀಜ ಎರಡು ಮನೆಗಳಲ್ಲಿದ್ದರೆ ಒಬ್ಬ ಸುಣ್ಣದವನು ಎರಡು ಕಡೆಯೂ ಕೆರೆಯಲಾರ.

ಮೊದಲ ಮಳೆಗೆ ಊರಿದೆವು. ಮೂರು ತಟ್ಟಿನ ಬೀಜದಲ್ಲಿ ಮೇಲೆದ್ದದ್ದು ಹನ್ನೊಂದು ಸಸಿ. ಎರಡನ್ನು ಹಸು ಮೇಯ್ದು ಹೋಯಿತು. ಮೊಮ್ಮಗಳು ತಾನೇ ಮುಳ್ಳು ತಂದು ಬೇಲಿ ಕಟ್ಟಿದಳು. ಯಾರು ಏನ್ ಮಾಡಿದ್ರೂ ಅಷ್ಟೇ ಅನ್ನುವ ಮಾತು ಅವಳ ಬಾಯಲ್ಲಿ ಆಮೇಲೂ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಬೆಳಗಾಗೆದ್ದು ಬಳ್ಳಿಯ ಬುಡಕ್ಕೆ ನೀರು ಹಾಕುತ್ತಲೇ ಅಂದಳು. ಬಾಯಿ ಏನಾದರೂ ಅನ್ನಲಿ, ಕೈ ನಿಲ್ಲದಿದ್ದರೆ ಸಾಕು ನನಗೆ.

ಮೊದಲ ಕಾಯಿ ಎಳೆಯದಾಗಿ ಹೊಳೆಯುವಾಗ ಮಗಳು ಚಾಕು ಹಿಡಿದು ಬಂದಳು. “ಕೋಸಂಬರಿ ಮಾಡೋಣ.”

ನಾನು ಬಾಯಿ ತೆರೆಯುವುದರೊಳಗೆ ಮೊಮ್ಮಗಳು ಅಡ್ಡ ನಿಂತಳು. “ಮುಟ್ಬೇಡಮ್ಮ. ಅದು ಬೀಜಕ್ಕೆ.”

“ಒಂದೇ ಒಂದು ಕಣೇ!”

“ಒಂದೂ ಇಲ್ಲ. ಮೊದಲು ಬೀಜ, ಆಮೇಲೆ ನಿನ್ನ ಕೋಸಂಬರಿ.”

ಕಾಯಿ ಬಳ್ಳಿಯಲ್ಲೇ ಹಳದಿಯಾಯಿತು. ಪಕ್ಕದ ಬೀದಿಯ ಹಸುವಿನ ಸಗಣಿ ತಂದು ಬೀಜ ಕಲೆಸಿ ಅವಳ ಮುಂದಿಟ್ಟೆ. ಹಿಂದಿನ ಗೋಡೆಗೆ ಹೋಗುತ್ತಾಳೆ ಅಂದುಕೊಂಡರೆ ನೇರವಾಗಿ ಬೀದಿ ಕಡೆಯ ಗೋಡೆಗೆ ಬಂದು, ಬಾಗಿಲ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ತಟ್ಟಿದಳು.

“ನೋಡಮ್ಮ ಇವಳನ್ನ! ಮುಂದಿನ ಗೋಡೆ ಕಣಮ್ಮ!” ಅಂತ ಮಗಳು ಕೂಗಿಕೊಂಡಳು.

“ಸುಣ್ಣ ಅಂಗಡೀಲಿ ಸಿಗುತ್ತೆ, ಈ ಬೀಜ ಸಿಗಲ್ಲ” ಅಂದೆ. “ನೀನು ತಟ್ಟು, ಮಗಾ.”