ಭಟ್ಟಿಗೆ ಬೀಳದ ಚಿಪ್ಪು

ನಮ್ಮ ದೊಡ್ಡವ್ವ, ಅಂದರೆ ತಾಯಿಯ ಅಕ್ಕ, ಸುರಪುರದ ಕಡೆ ಕೃಷ್ಣಾ ದಂಡೆಯ ಊರಲ್ಲಿ ಸುಣ್ಣ ಸುಡುತ್ತಾಳೆ. ಹೊಳೆಯ ಚಿಪ್ಪು ಆರಿಸಿ, ಒಣಗಿಸಿ, ಸಗಣಿ ಕುಳ್ಳಿನ ನಡುವೆ ಭಟ್ಟಿಗೆ ಹಾಕಿ ಸುಟ್ಟರೆ ಎಲೆ ಅಡಿಕೆಗೆ ಬೆಣ್ಣೆಯಂಥ ಸುಣ್ಣ. ಅಂಥ ಮನೆಗೆ ಚಿಪ್ಪು ಒಯ್ಯುವುದೆಂದರೆ ಬೆಕ್ಕಿನ ಮುಂದೆ ಹಾಲಿಟ್ಟಂತೆ. ಗೊತ್ತಿದ್ದೂ ಒಯ್ದೆ.

ಅದು ನನ್ನದಲ್ಲ, ನನ್ನ ಸಂಶೋಧನೆಯ ಗುರುಗಳದು. ನಮ್ಮ ನೆಲ ದಕ್ಷಿಣ ಧ್ರುವದ ಹತ್ತಿರವಿದ್ದ ಕಾಲದಲ್ಲಿ, ಹಿಮಗಡ್ಡೆ ತೇಲುವ ಕಡಲಿನ ತಳದಲ್ಲಿ ಬದುಕಿ ಕಲ್ಲಾದ ಚಿಪ್ಪು. ಅಂಗೈಯಗಲ. ಅವರಿಗೆ ಒಡೆಯದೆ ಇಡಿಯಾಗಿ ಸಿಕ್ಕಿದ್ದು ಅದೊಂದೇ. ಚಿತ್ರ ಬರೆದುಕೊಳ್ಳಲು ಎಂಟು ದಿನಕ್ಕೆಂದು ಕೊಟ್ಟಿದ್ದರು. ಕಳೆದರೆ ನನ್ನ ಮೂರು ವರ್ಷದ ಕೆಲಸಕ್ಕೂ ಅವರ ನಂಬಿಕೆಗೂ ಎಳ್ಳುನೀರು. ರಜೆಗೆ ಬಂದವನು ಅದನ್ನು ಹಾಳೆಯಲ್ಲಿ ಸುತ್ತಿ ಕಿಟಕಿಯಲ್ಲಿಟ್ಟೆ. ಏನೆಂದು ದೊಡ್ಡವ್ವನಿಗೆ ಹೇಳಲಿಲ್ಲ. ಹೇಳಿದರೆ ಅವಳಿಗೇನು ತಿಳಿಯುತ್ತದೆ ಎಂಬ ಓದಿದವನ ಸೊಕ್ಕು.

ಮೂರನೆಯ ದಿನ ಚಿತ್ರಗಳ ಜೆರಾಕ್ಸ್ ಮಾಡಿಸಲು ಶಹಾಪುರಕ್ಕೆ ಹೋಗಿ ಮಧ್ಯಾಹ್ನ ಬಂದೆ. ಕಿಟಕಿ ಖಾಲಿ. ಸುತ್ತಿದ್ದ ಹಾಳೆ ನೆಲದ ಮೇಲೆ. ಅಂಗಳದಲ್ಲಿ ಭಟ್ಟಿ ಹೊಗೆಯಾಡುತ್ತಿತ್ತು.

“ದೊಡ್ಡವ್ವಾ, ಚಿಪ್ಪು ಎಲ್ಲದ?”

“ಮನ್ಯಾಗಿನ ಚಿಪ್ಪೆಲ್ಲಾ ಭಟ್ಟಿಗೆ ಹಾಕೀನಲ್ಲೋ.”

ಕಟ್ಟಿಗೆ ಹಿಡಿದು ಭಟ್ಟಿ ಕೆದರಿದೆ. ಬೂದಿ ಕಣ್ಣಿಗೆ ಹಾರಿತು, ಬೆರಳು ಚುರ್ರೆಂದಿತು. ಗುರುಗಳಿಗೆ ಹೇಳಬೇಕಾದ ಸುಳ್ಳನ್ನು ಆಗಲೇ ಹೊಸೆಯತೊಡಗಿದ್ದೆ. ನಾಚಿಕೆಗೇಡು, ಆದರೆ ನಿಜ.

ದೊಡ್ಡವ್ವ ಓಡಿಬಂದು ರಟ್ಟೆ ಹಿಡಿದು ಜಗ್ಗಿದಳು. “ಹುಚ್ಚ ಹಿಡದದೇನು? ಆ ಹಾಳ್ಯಾಗಿಂದು ಕೇಳಾಕತ್ತಿಯೇನು? ಅದು ಕಲ್ಲಾಗೇದ ತಗೊ. ಕೈಯಾಗ ಹಿಡದ ಕೂಡ್ಲೆ ಭಾರ ಗೊತ್ತಾತು. ಕಲ್ಲು ಬೆಂಕ್ಯಾಗ ಸಿಡದು ನನ್ನ ಕಣ್ಣು ಹೋಗಬೇಕೇನು?”

ಅಡುಗೆಮನೆಗೆ ಕರೆದೊಯ್ದು ತೋರಿಸಿದಳು. ಧ್ರುವದ ಕಡಲಿನ ಚಿಪ್ಪು, ನೀರಿನ ಕೊಡ ಅಲುಗಾಡದಂತೆ ಅದರ ಬುಡಕ್ಕೆ ಒತ್ತಾಗಿ ತಣ್ಣಗೆ ಕೂತಿತ್ತು. ಒಂದು ಗೀರೂ ಬಿದ್ದಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ನಗುತ್ತಲೇ ಕಣ್ಣಲ್ಲಿ ನೀರೂ ಬಂತು.

ಸುಧಾರಿಸಿಕೊಂಡ ಮೇಲೆ ಅವಳಿಗೆ ಹಿಮದ ಕಡಲಿನ ಕಥೆಯೆಲ್ಲ ಹೇಳಿದೆ. ಸುಟ್ಟ ಬೆರಳಿಗೆ ಕೊಬ್ಬರಿ ಎಣ್ಣೆ ಸವರುತ್ತ ಕೊನೆಯತನಕ ಕೇಳಿದಳು.

“ಬಂದ ದಿನಾನೇ ಹೇಳಿದ್ದರ ಕೊಡಕ್ಕ ಬ್ಯಾರೆ ಕಲ್ಲು ನೋಡ್ತಿದ್ದೆ,” ಎಂದಳು. “ನನಗ ತಿಳಿಯಂಗಿಲ್ಲ ಅಂತ ಯಾರು ಹೇಳಿದ್ರೋ ನಿನಗ?”