ನೀನು ‘ಬಿಡು’ ಅಂದಿದ್ದೆ

ಸುರೇಖಾ, ಅವತ್ತು ನೀನು ‘ಬಿಡು’ ಅಂದಿದ್ದೆ. ನನಗೆ ಕೇಳಿಸಿತ್ತು. ಕೇಳಿಸಿಯೂ ನಿನ್ನ ಹಿಮ್ಮಡಿ ಬಿಡಲಿಲ್ಲ — ಆಮೇಲೆ, ನೀನು ಹಾಗೆ ಅಂದೇ ಇಲ್ಲವೆಂದು ಸುಳ್ಳು ಹೇಳಿದೆ. ಇಷ್ಟೇ ವಿಷಯ. ಇಷ್ಟನ್ನು ಹೇಳಲು ಇಷ್ಟು ವರ್ಷ ತೆಗೆದುಕೊಂಡೆನಲ್ಲ, ನನ್ನ ಬಾಯಿಗೆ ಏನು ಬಡಿದಿತ್ತೋ!

ನಾವಿಬ್ಬರೂ ಐನಾಪುರದಲ್ಲಿ ನಿಮ್ಮಪ್ಪನ ಗರಡಿಯಲ್ಲೇ ಕುಸ್ತಿ ಕಲಿತವರು. ಆ ಮಣ್ಣಿನಲ್ಲಿ ನಿನ್ನನ್ನು ನಾನು ಒಂದು ಸಲವೂ ಕೆಡವಲಿಲ್ಲ. ಕೆಡವುವುದಿರಲಿ, ಕಾಲು ಅಲುಗಿಸಲೂ ಆಗಲಿಲ್ಲ. ನೀನು ನಗುನಗುತ್ತಲೇ ನನ್ನ ಬೆನ್ನಿಗೆ ಮಣ್ಣು ಹತ್ತಿಸಿ, ಕೈಕೊಟ್ಟು ಎಬ್ಬಿಸಿ, “ಉಂಡ ಬಂದಿಲ್ಲೇನ ಬೇ?” ಅನ್ನುತ್ತಿದ್ದೆ. ನಾನೂ ನಗುತ್ತಿದ್ದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು — ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮಿರಜಿನಲ್ಲಿ ಜಿಯು-ಜಿತ್ಸು ಅನ್ನುವ ಹೊರದೇಶದ ಕುಸ್ತಿಯ ಕ್ಲಾಸು ಹೊಸದಾಗಿ ಶುರುವಾದಾಗ ಹೋಗೋಣವೆಂದು ಹಟ ಹಿಡಿದವಳು ನಾನು. ನನ್ನೊಬ್ಬಳನ್ನೇ ಮನೆಯವರು ಕಳಿಸುವುದಿಲ್ಲವೆಂದು ನಿನ್ನನ್ನೂ ಬಸ್ಸು ಹತ್ತಿಸಿದೆ. ಅಲ್ಲಿ ಎಲ್ಲವೂ ಉಲ್ಟಾ. ಗರಡಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲು. ಅಲ್ಲಿ ಬೇಕೆಂದೇ ಬೆನ್ನ ಮೇಲೆ ಮಲಗಿ, ಎದುರು ನಿಂತವರನ್ನು ಕಾಲಿನಿಂದಲೇ ಉರುಳಿಸಿ ಮೇಲೇಳುವುದು ಒಂದು ಪಟ್ಟು. ಸ್ವೀಪ್ ಅನ್ನುತ್ತಿದ್ದರು. ನನಗದು ಬೇಗ ಕೈಗೆ ಹತ್ತಿತು. ನಿನಗೆ ಮಲಗುವುದೆಂದರೇ ನಾಚಿಕೆ. “ಅಪ್ಪ ನೋಡಿದ್ರ ಚಪ್ಪಲಿ ತಗೋತಾನ” ಅನ್ನುತ್ತ ಯಾವಾಗಲೂ ನಿಂತೇ ಆಡುತ್ತಿದ್ದೆ.

ಅಲ್ಲಿ ಕಲಿಸುತ್ತಿದ್ದ ಸರ್ ಮೊದಲ ದಿನವೇ ಹೇಳಿದ್ದರು — ಎದುರಿನವರು ನೆಲಕ್ಕೆ ಕೈ ತಟ್ಟಲಿ, ಬಾಯಲ್ಲಿ ‘ಬಿಡು’ ಅನ್ನಲಿ, ಆ ಕ್ಷಣವೇ ಬಿಟ್ಟುಬಿಡಬೇಕು. ಅದಕ್ಕಿಂತ ದೊಡ್ಡ ನಿಯಮ ಅಲ್ಲಿ ಇನ್ನೊಂದಿರಲಿಲ್ಲ.

ಅವತ್ತು ಸ್ಪರ್ಧೆಗೆ ನಮ್ಮಲ್ಲಿ ಒಬ್ಬಳನ್ನು ಆರಿಸುವವರಿದ್ದರು. ನಾನು ಮಲಗಿದ್ದೆ, ನೀನು ನಿಂತಿದ್ದೆ. ನಿನ್ನ ಹಿಮ್ಮಡಿ ನನ್ನ ಕೈಯಲ್ಲಿ. ನನ್ನ ಒಂದು ಕಾಲು ಹೊರಗಿನಿಂದ ನಿನ್ನ ಅದೇ ಕಾಲಿಗೆ ಸುತ್ತಿತ್ತು, ಇನ್ನೊಂದು ಪಾದ ನಿನ್ನ ಸೊಂಟದ ಮೇಲಿತ್ತು. ತಳ್ಳಿದೆ. ನೀನು ವಾಲಿದೆ. ಬೇರೆ ಯಾರೇ ಆಗಿದ್ದರೂ ಹಿಂದಕ್ಕೆ ಕುಕ್ಕರಿಸಿ ಬೀಳುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಆದರೆ ನೀನು ಗರಡಿಯವಳು — ಬೀಳುವಾಗಲೂ ಬೆನ್ನು ಕೊಡದೆ ಗರ್ರನೆ ಹೊಟ್ಟೆಯ ಕಡೆ ಹೊರಳುವವಳು. ಹಾಗೆ ಹೊರಳುತ್ತೀಯೆಂದು ನನಗೆ ಗೊತ್ತಿತ್ತು. ನಾನೂ ಅದೇ ಮಣ್ಣಿನವಳಲ್ಲವೇ? ನಿನ್ನ ಮೈಯೆಲ್ಲ ತಿರುಗಿತು, ಪಾದ ಮಾತ್ರ ನನ್ನ ಕೈಯಲ್ಲೇ ಉಳಿಯಿತು.

“ಬಿಡ ಸುಮಾ, ಮೊಣಕಾಲ... ಬಿಡ!”

ನೀನು ಕೂಗಲಿಲ್ಲ. ಆ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ಸರ್ ಇನ್ನೊಂದು ಜೋಡಿಯನ್ನು ನೋಡುತ್ತಿದ್ದರು. ಅವರು ಇತ್ತ ತಿರುಗುವ ಹೊತ್ತಿಗೆ ನೀನು ಕೆಳಗಿರಬೇಕು, ನಾನು ಮೇಲಿರಬೇಕು — ನನ್ನ ತಲೆಯಲ್ಲಿದ್ದದ್ದು ಅದೊಂದೇ. ಹಿಡಿತ ಇನ್ನೂ ಬಿಗಿ ಮಾಡಿ ಮತ್ತೊಮ್ಮೆ ತಳ್ಳಿದೆ. ನಿನ್ನ ಮೊಣಕಾಲಿನಲ್ಲಿ ಏನೋ ಹರಿದದ್ದು ನನ್ನ ಕೈಗೇ ತಿಳಿಯಿತು. ನೀನು ಬಿದ್ದೆ. ನಾನು ಎದ್ದು ನಿನ್ನ ಮೇಲೆ ಕೂತೆ — ಅಯ್ಯೋ, ಕೂತೆನಲ್ಲ!

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಮ್ಮಪ್ಪ, ನಮಗೆ ಕುಸ್ತಿ ಕಲಿಸಿದ ವಸ್ತಾದ ಕಾಕಾ, ನನ್ನ ಭುಜ ಹಿಡಿದು ಕೇಳಿದರು: “ಖರೇ ಹೇಳವ್ವಾ. ಆಕಿ ಬಿಡ ಅಂದಿದ್ಲೇನ?”

“ಇಲ್ರಿ ಕಾಕಾ. ಅಂದಿದ್ರ ನಾ ಬಿಡ್ತಿದ್ದಿಲ್ಲೇನ್ರಿ? ಆಕಿನ ಹಟಾ ಮಾಡಿ ತಿರುಗಿದ್ಲರಿ.”

ಅವರು ನಂಬಿದರು. ಅದಕ್ಕಿಂತ ಕೆಟ್ಟದ್ದೆಂದರೆ ನೀನೂ ನಂಬಿದೆ. “ಅನ್ನಬೇಕಂತ ಮಾಡಿದ್ನಿ, ಬಾಯಿಂದ ಬರಲಿಲ್ಲ ಕಾಣ್ತೈತಿ” ಅಂದೆ. ನಿನ್ನ ನೆನಪಿಗಿಂತ ನನ್ನ ಮಾತಿನ ಮೇಲೆ ನಿನಗೆ ಹೆಚ್ಚು ನಂಬಿಕೆ. ಸ್ಪರ್ಧೆಗೆ ನಾನು ಹೋದೆ. ನೀನು ಮತ್ತೆಂದೂ ಮಣ್ಣಿಗೆ ಇಳಿಯಲಿಲ್ಲ. “ಹಟಮಾರಿ, ತನ್ನ ಕಾಲ ತಾನ ಕೆಡಿಸ್ಕೊಂಡ್ಲು” ಎಂದು ಕಾಕಾ ಸಾಯುವವರೆಗೂ ನಿನ್ನನ್ನೇ ಬೈದರು. ಎಷ್ಟೋ ಸಲ ಅವರು ಹಾಗೆ ಬೈಯುವಾಗ ನಾನು ಅಲ್ಲೇ ಕೂತು ನೀನು ತಂದುಕೊಟ್ಟ ಚಹಾ ಕುಡಿದಿದ್ದೇನೆ.

ಈಗ ಐನಾಪುರದಲ್ಲಿ ಹುಡುಗಿಯರಿಗೆ ನಾನು ಇದೇ ವಿದ್ಯೆ ಕಲಿಸುತ್ತೇನೆ. ಕಳೆದ ವಾರ ನೀನು ಗಂಡನ ಮನೆಯಿಂದ, ಅಂಕಲಿಯಿಂದ, ಮಗಳನ್ನು ಕರೆದುಕೊಂಡು ಬಂದೆ. ಆ ಕಾಲನ್ನು ಎಳೆಯುತ್ತಲೇ ಒಳಗೆ ಬಂದು, ಅವಳ ಕೈಯನ್ನು ನನ್ನ ಕೈಗೆ ಕೊಟ್ಟೆ.

“ಈಕಿಗೆ ಮೊದಲ ‘ಬಿಡು’ ಅನ್ನೂದ ಕಲಸ ಸುಮಾ. ಪಟ್ಟ ಆಮ್ಯಾಲ. ಅವತ್ತ ನಾ ಬಾಯಿ ತಗದ ಅಂದಿದ್ರ ನೀ ಬಿಡ್ತಿದ್ದಿ.”

ನಾನು ಹೂಂ ಅಂದೆ. ಆಗಲೂ ಹೂಂ ಅಂದೆ ಸುರೇಖಾ! ಎಂಥ ನಾಲಿಗೆ ಇದು... ನೀವಿಬ್ಬರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಅತ್ತರೆ ಏನಾಗುತ್ತದೆ? ನಿನ್ನ ಕಾಲು ಬರುತ್ತದೆಯೇ? ಕಾಕಾನಿಗೆ ಹೇಳುವ ಹೊತ್ತಂತೂ ಕಳೆದೇ ಹೋಯಿತು.

ನಿನ್ನೆದುರು ಮತ್ತೆ ಮಾತು ನುಂಗಿಬಿಟ್ಟೇನೆಂಬ ಭಯಕ್ಕೆ ಇಷ್ಟನ್ನು ಬರೆದುಕೊಂಡೆ. ನಾಳೆ ಅಂಕಲಿಗೆ ಬರುತ್ತೇನೆ. ಕ್ಷಮಿಸು ಅಂತ ಕೇಳಲಾರೆ. ಮಗಳನ್ನು ನನ್ನ ಹತ್ತಿರ ಕಳಿಸಬೇಕೋ ಬೇಡವೋ, ಅದು ನಿನ್ನಿಷ್ಟ. ಆದರೆ ನಾನು ಹೇಳುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೋ. ಅವಳ ಅವ್ವನಿಗೆ ಬಾಯಿತ್ತು. ಅನ್ನಬೇಕಾದ ಹೊತ್ತಿಗೆ ಅನ್ನಬೇಕಾದ್ದನ್ನು ಅಂದಿದ್ದಳು. ಅವಳಿಗೆ ಅದು ಗೊತ್ತಾಗಬೇಕು, ನನ್ನ ಬಾಯಿಂದಲೇ.